‘ಆರ್ಟ್ಸಿ’ ಅಂದವರು ಯಾರು?

ಇಂಗ್ಲಿಷಿನಲ್ಲಿ ಒಬ್ಬರನ್ನು ‘ಆರ್ಟಿಸ್ಟಿಕ್’ ಅಂದರೆ ಅವರ ಕೈಯಲ್ಲಿ ಏನೋ ಇದೆ ಅಂತ ಅರ್ಥ. ಚಿತ್ರ ಬರೆಯುತ್ತಾರೆ, ಮಣ್ಣಿನಲ್ಲಿ ಬೊಂಬೆ ಮಾಡುತ್ತಾರೆ, ಕಡೇಪಕ್ಷ ಯಾವ ಬಣ್ಣದ ಪಕ್ಕ ಯಾವ ಬಣ್ಣ ಹೊಂದುತ್ತದೆ ಅಂತ ಅವರಿಗೆ ಗೊತ್ತು. ಅದೇ ವ್ಯಕ್ತಿಯನ್ನು ‘ಆರ್ಟಿ’ ಅಥವಾ ‘ಆರ್ಟ್ಸಿ’ ಅಂದು ನೋಡಿ. ಮಾತು ತಕ್ಷಣ ಕೈಯಿಂದ ಬಟ್ಟೆಗೆ ಜಾರುತ್ತದೆ. ದಪ್ಪ ಚೌಕಟ್ಟಿನ ಕನ್ನಡಕ, ಸಡಿಲ ಅಂಗಿ, ಮಾತಿನ ನಡುವೆ ಯಾರೂ ಕೇಳಿರದ ಒಬ್ಬ ನಿರ್ದೇಶಕನ ಹೆಸರು. ಆತ ಚಿತ್ರ ಬರೆಯುತ್ತಾನೋ ಇಲ್ಲವೋ ಗೊತ್ತಿಲ್ಲ. ಬರೆಯುವವರ ಹಾಗೆ ಕಾಣುತ್ತಾನೆ, ಅಷ್ಟು ಮಾತ್ರ ಗೊತ್ತು.

ಇಂಗ್ಲಿಷ್ ಸಿನಿಮಾ ವಿಮರ್ಶೆಗಳನ್ನು ಓದುವ ಚಟ ನನಗೆ ಬಹಳ ಹಿಂದಿನದು. ಸಿನಿಮಾ ನೋಡದಿದ್ದರೂ ವಿಮರ್ಶೆ ಓದುತ್ತೇನೆ. ಹಾಗೆ ಓದುವಾಗ ಈ ಪದ ಪದೇ ಪದೇ ಎಡತಾಕುತ್ತದೆ. ಅದು ಒಂಟಿಯಾಗಿ ಬರುವುದು ಕಡಿಮೆ ಅನ್ನುವುದು ನಿಧಾನಕ್ಕೆ ಗಮನಕ್ಕೆ ಬಂತು. ಮುಂದೊಂದು ಸಣ್ಣ ಪದ ಅಂಟಿಕೊಂಡೇ ಇರುತ್ತದೆ. ‘ಎ ಬಿಟ್ ಆರ್ಟಿ’, ‘ಟೂ ಆರ್ಟಿ’, ‘ಕೈಂಡ್ ಆಫ್ ಆರ್ಟ್ಸಿ’. ಸ್ವಲ್ಪ, ಜಾಸ್ತಿ, ಒಂಥರಾ. ಮನುಷ್ಯರ ಬಗ್ಗೆ ಹೇಳುವಾಗ ‘ಆರ್ಟಿ ಟೈಪ್ಸ್’, ‘ಆರ್ಟಿ ಕ್ರೌಡ್’ ಅಂತ ಗುಂಪಾಗಿ ಕಟ್ಟುವುದೇ ಹೆಚ್ಚು. ಇಂಥ ಜನ, ಅಂಥ ಜನ ಅನ್ನುವ ಧಾಟಿ. ಅಂದರೆ ಹೇಳುವವರು ಆ ಗುಂಪಿನಲ್ಲಿ ಇಲ್ಲ.

ಈ ಪದ ಎದುರಿಗಿರುವ ಕಲೆಯ ಬಗ್ಗೆ ಹೇಳುವುದು ತೀರಾ ಕಡಿಮೆ. ಹೇಳುವವರು ಕಲೆಯಿಂದ ಎಷ್ಟು ದೂರದಲ್ಲಿ ನಿಂತಿದ್ದಾರೆ ಅನ್ನುವುದನ್ನೇ ಜಾಸ್ತಿ ಹೇಳುತ್ತದೆ. ಇದು ನನ್ನ ಅನುಮಾನ. ಪದದ ಹುಟ್ಟು ನೋಡಿದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಮೊದಲು ಆ ಕೊನೆಯ ‘ಇ’ ಶಬ್ದ. ಇಂಗ್ಲಿಷಿನಲ್ಲಿ ನಾಮಪದಕ್ಕೆ ಅದನ್ನು ಅಂಟಿಸಿ ವಿಶೇಷಣ ಮಾಡುವ ರೂಢಿ ಬಹಳ ಹಳೆಯದು. ಹಳೆಯ ಇಂಗ್ಲಿಷಿನಲ್ಲಿ ಅದು ‘-ಇಗ್’ ಅಂತ ಇತ್ತು. ಕಲ್ಲು ತುಂಬಿದ ನೆಲ ‘ಸ್ಟೋನಿ’, ಮಂಜುಗಟ್ಟಿದ ದಾರಿ ‘ಐಸಿ’. ಅಲ್ಲಿ ಯಾವ ಕುಹಕವೂ ಇಲ್ಲ. ಆದರೆ ಆಡುಮಾತು ಬೆಳೆದ ಹಾಗೆ ಇದೇ ಬಾಲಕ್ಕೆ ಇನ್ನೊಂದು ಕೆಲಸ ಬಂತು. ಒಂದು ವಸ್ತು ಎಷ್ಟಿರಬೇಕೋ ಅದಕ್ಕಿಂತ ಜಾಸ್ತಿ ಇದೆ ಅಂತ ಸೂಚಿಸುವ ಕೆಲಸ. ಮಾತು ಹೆಚ್ಚಾದ ಸಿನಿಮಾ ‘ಟಾಕಿ’. ಉಪದೇಶ ಹೆಚ್ಚಾದ ಕಾದಂಬರಿ ‘ಪ್ರೀಚಿ’. ರಂಗದ ಮೇಲಿನ ಹಾಗೆ ಕೈಕಾಲು ಆಡಿಸುವ ನಟನೆ ‘ಸ್ಟೇಜಿ’. ಪ್ರವಾಸಿಗರಿಂದ ಗಿಜಿಗುಡುವ ಊರು ‘ಟೂರಿಸ್ಟಿ’. ನಾಟಕದಲ್ಲಿ ರಂಗ ಇರಬೇಕಾದದ್ದೇ, ಸಿನಿಮಾದಲ್ಲಿ ಮಾತು ಇರಬೇಕಾದದ್ದೇ. ಅಳತೆ ಮೀರಿತು ಅನ್ನುವುದಷ್ಟೇ ದೂರು.

ಇಂಡಿಯನ್ ಇಂಗ್ಲಿಷ್ ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ನಮ್ಮ ‘ಫಿಲ್ಮಿ’ಯ ಬಾಲ ಹಿಂದಿಯದ್ದು, ಆದರೆ ಮಾಡುವ ಕೆಲಸ ಇದೇ. ಬ್ರಿಟಿಷರಿಗೆ ‘ಫಿಲ್ಮಿ’ ಅಂದರೆ ತೆಳು ಪೊರೆಯಂಥದ್ದು. ನಮಗೆ ಅದು ಮಳೆಯಲ್ಲಿ ನೆನೆಯುತ್ತಾ ಪ್ರೀತಿ ಹೇಳಿಕೊಳ್ಳುವವನು. ಅವನು ಸಿನಿಮಾದಲ್ಲಿ ಇಲ್ಲ, ಇದ್ದಾನೆ ಅಂದುಕೊಂಡಿದ್ದಾನೆ. ‘ಆರ್ಟಿ’ ಕೂಡ ಹಾಗೆಯೇ. ಕಲೆ ಇದೆ ಅನ್ನುವುದಕ್ಕಿಂತ ಕಲೆ ಇದೆ ಅಂತ ಎದ್ದು ಕಾಣಬೇಕು ಅನ್ನುವ ಆಸೆಯನ್ನು ಅದು ಹಿಡಿಯುತ್ತದೆ.

ಇಷ್ಟು ಸಾಲದು ಅಂತ ಜನ ಅದಕ್ಕೆ ಪ್ರಾಸವನ್ನೂ ಕಟ್ಟಿದರು. ಬ್ರಿಟನ್ನಿನಲ್ಲಿ ‘ಆರ್ಟಿ-ಫಾರ್ಟಿ’, ಅಮೆರಿಕದಲ್ಲಿ ‘ಆರ್ಟ್ಸಿ-ಫಾರ್ಟ್ಸಿ’. ಎರಡನೆಯ ಭಾಗದಲ್ಲಿರುವುದು ಹೂಸು. ಅಲ್ಲಿ ಅಲಂಕಾರ ಏನೂ ಇಲ್ಲ. ಮೊದಲ ಅರ್ಧ ಮೂಗು ಮುರಿಯುತ್ತದೆ, ಎರಡನೆಯ ಅರ್ಧ ಮೂಗು ಮುಚ್ಚಿಕೊಳ್ಳುತ್ತದೆ. ನಾವು ‘ಕಲೆ ಗಿಲೆ’ ಅಂದಾಗಲೂ ಹೀಗೇ ಅಲ್ವಾ? ‘ಗಿಲೆ’ ಅಂದ ಕೂಡಲೇ ಕಲೆ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಆದರೆ ನಮ್ಮ ‘ಗಿ’ ಯಾವ ಪದಕ್ಕೆ ಬೇಕಾದರೂ ಅಂಟುತ್ತದೆ, ಅದಕ್ಕೆ ಯಾರ ಮೇಲೂ ವಿಶೇಷ ದ್ವೇಷ ಇಲ್ಲ. ಇಂಗ್ಲಿಷಿನ ಪ್ರಾಸ ಆರಿಸಿ ಹೊಡೆಯುತ್ತದೆ. 1725ರಲ್ಲಿ ಹೆನ್ರಿ ಕೇರಿ ಎಂಬ ಕವಿ ಇನ್ನೊಬ್ಬ ಕವಿಯನ್ನು ಹೀಗೆಯೇ ಹಣಿದ. ಆ ಇನ್ನೊಬ್ಬ ಆಂಬ್ರೋಸ್ ಫಿಲಿಪ್ಸ್. ದೊಡ್ಡ ಮನೆತನಗಳ ಮಕ್ಕಳ ಮೇಲೆ ಪುಟ್ಟ ಪುಟ್ಟ ಸಾಲುಗಳಲ್ಲಿ ಮುದ್ದು ಪದ್ಯ ಬರೆಯುತ್ತಿದ್ದವನು. ಕೇರಿ ಆಂಬ್ರೋಸ್ ಅನ್ನುವ ಹೆಸರನ್ನು ತೊದಲುವ ಮಗುವಿನ ಹಾಗೆ ‘ನ್ಯಾಂಬಿ-ಪ್ಯಾಂಬಿ’ ಮಾಡಿದ. ಫಿಲಿಪ್ಸನ ಪದ್ಯಗಳನ್ನು ಇವತ್ತು ಓದುವವರು ಕಡಿಮೆ. ಬೈಗುಳ ಮಾತ್ರ ನಿಘಂಟಿನಲ್ಲಿ ಗಟ್ಟಿಯಾಗಿ ಕೂತಿದೆ, ಬೆನ್ನುಮೂಳೆಯಿಲ್ಲದ, ಅತಿ ಮೃದುವಾದದ್ದು ಅನ್ನುವ ಅರ್ಥದಲ್ಲಿ.

‘ಆರ್ಟಿ’, ‘ಆರ್ಟ್ಸಿ’ ಎರಡೂ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದು 20ನೇ ಶತಮಾನದ ಆರಂಭದ ವರ್ಷಗಳಲ್ಲಿ. ಕಲೆ ಸಾವಿರಾರು ವರ್ಷಗಳಿಂದ ಇದೆ, ಡೌಲು ಅದಕ್ಕಿಂತ ಹಿಂದಿನಿಂದಲೂ ಇದ್ದಿರಬೇಕು. ಹಾಗಿದ್ದರೆ ಈ ಪದ ಆಗಲೇ ಯಾಕೆ ಬೇಕಾಯಿತು? ಅದರ ಹಿಂದಿನ ಮೂವತ್ತು ನಲವತ್ತು ವರ್ಷ ಇಂಗ್ಲೆಂಡಿನಲ್ಲಿ ಏನು ನಡೆಯಿತು ಅಂತ ನೋಡಿದರೆ ಉತ್ತರ ಸಿಗುತ್ತದೆ.

ಆ ಕಾಲದಲ್ಲಿ ‘ಆರ್ಟ್’ ಅನ್ನುವುದು ಮಾರಾಟದ ಪದವಾಯಿತು. ಕಸೂತಿ ಬರೀ ಕಸೂತಿಯಾಗಿ ಉಳಿಯಲಿಲ್ಲ, ‘ಆರ್ಟ್ ನೀಡಲ್‌ವರ್ಕ್’ ಆಯಿತು. 1872ರಲ್ಲಿ ಲಂಡನ್ನಿನಲ್ಲಿ ಅದಕ್ಕಾಗಿಯೇ ಒಂದು ಶಾಲೆ ಶುರುವಾಯಿತು. ಕುರ್ಚಿ ಮೇಜು ‘ಆರ್ಟ್ ಫರ್ನಿಚರ್’, ಮಡಕೆ ಕುಡಿಕೆ ‘ಆರ್ಟ್ ಪಾಟರಿ’. 1875ರಲ್ಲಿ ಆರ್ಥರ್ ಲಿಬರ್ಟಿ ಎಂಬಾತ ರೀಜೆಂಟ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದ. ಪೂರ್ವ ದೇಶಗಳ ರೇಷ್ಮೆ, ಬಟ್ಟೆ, ಅಲಂಕಾರದ ಸಾಮಾನು ಅಲ್ಲಿ ಸಿಗುತ್ತಿದ್ದವು. ಅಭಿರುಚಿಯನ್ನು ದುಡ್ಡು ಕೊಟ್ಟು ಮನೆಗೆ ತರಬಹುದು ಅನ್ನುವ ಭಾವನೆ ಮಧ್ಯಮ ವರ್ಗಕ್ಕೆ ಬಂತು. (ಇಲ್ಲೇ ಒಂದು ಮಾತು. ‘ಆರ್ಟ್ ಸಿಲ್ಕ್’ ಅನ್ನುವುದರಲ್ಲಿರುವ ಆರ್ಟ್ ಮಾತ್ರ ಕಲೆ ಅಲ್ಲ, ಅದು ‘ಆರ್ಟಿಫಿಶಿಯಲ್’ ಅನ್ನುವುದರ ಚುಟುಕು. ಕೃತಕ ರೇಷ್ಮೆ. ಕಲೆಯ ಹೆಸರು ಹೇಳಿ ಮಾರುವವರ ಬಗ್ಗೆ ಇದಕ್ಕಿಂತ ಚೆನ್ನಾದ ವ್ಯಂಗ್ಯವನ್ನು ಯಾರೂ ಬೇಕಂತಲೇ ಬರೆಯಲಾರರು.)

ಜೊತೆಗೆ ಏಸ್ತೆಟಿಕ್ ಪಂಥದವರು ಇದ್ದರು. ಕಲೆಗೆ ನೀತಿ ಹೇಳುವ ಹಂಗು ಬೇಡ, ಚೆಲುವಾಗಿದ್ದರೆ ಸಾಕು ಅನ್ನುವವರು. ನೀಲಿ ಬಿಳಿ ಪಿಂಗಾಣಿ, ನವಿಲುಗರಿ, ಸೂರ್ಯಕಾಂತಿ, ಲಿಲ್ಲಿ ಹೂ. ಬಿಗಿ ಕಾರ್ಸೆಟ್ ಬಿಟ್ಟು ಸಡಿಲ ನಿಲುವಂಗಿ ತೊಟ್ಟ ಹೆಂಗಸರು. ‘ಪಂಚ್’ ಪತ್ರಿಕೆಯ ವ್ಯಂಗ್ಯಚಿತ್ರಕಾರ ಜಾರ್ಜ್ ದು ಮೋರಿಯೇಗೆ ಇವರು ವರ್ಷಗಟ್ಟಲೆ ಮೇವು ಒದಗಿಸಿದರು. 1881ರಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಜೋಡಿ ಇವರನ್ನೇ ಗೇಲಿ ಮಾಡುವ ಸಂಗೀತ ನಾಟಕವೊಂದನ್ನು ರಂಗಕ್ಕೆ ತಂದರು. ಅದು ಅಮೆರಿಕಕ್ಕೂ ಹೋಯಿತು. ಆದರೆ ಅಲ್ಲಿನ ಪ್ರೇಕ್ಷಕರಿಗೆ ಯಾರನ್ನು ಗೇಲಿ ಮಾಡುತ್ತಿದ್ದಾರೆ ಅಂತ ಗೊತ್ತಾಗಬೇಕಲ್ಲ. ಅದಕ್ಕೆ ನಿರ್ಮಾಪಕ ರಿಚರ್ಡ್ ಡಾಯ್ಲಿ ಕಾರ್ಟ್ 1882ರಲ್ಲಿ ಈ ಪಂಥದ ಹೆಸರಾಂತ ಕವಿ, ಸಾಕ್ಷಾತ್ ಆಸ್ಕರ್ ವೈಲ್ಡ್‌ನನ್ನೇ ಉಪನ್ಯಾಸ ಪ್ರವಾಸಕ್ಕೆ ಅಲ್ಲಿಗೆ ಕಳಿಸಿದ. ನಗಿಸುವ ಪಾತ್ರ ಒಂದು ಕಡೆ, ಅಂಥವರ ಜೀವಂತ ನಮೂನೆ ಇನ್ನೊಂದು ಕಡೆ. ವೈಲ್ಡ್ ಮಂಡಿಯವರೆಗಿನ ಚಲ್ಲಣ, ರೇಷ್ಮೆ ಕಾಲುಚೀಲ ತೊಟ್ಟು ಊರೂರು ಸುತ್ತಿ ಹೆಸರು, ಹಣ ಎರಡನ್ನೂ ಮಾಡಿಕೊಂಡ. ತನ್ನ ಗೇಲಿಯನ್ನು ತಾನೇ ದುಡಿಮೆ ಮಾಡಿಕೊಳ್ಳುವ ಆ ಜಾಣತನ ನನಗೆ ಬಹಳ ಇಷ್ಟ.

ಮೂರನೆಯದು ವಿನ್ಯಾಸಕಾರ ವಿಲಿಯಂ ಮಾರಿಸ್‌ನ ಹಾದಿಯವರು. ಕಾರ್ಖಾನೆಯ ಒರಟು ಸರಕಿನ ಬದಲು ಕೈಕೆಲಸಕ್ಕೆ ಮರ್ಯಾದೆ ಸಿಗಬೇಕು ಅನ್ನುವವರು. 1887ರಲ್ಲಿ ಲಂಡನ್ನಿನಲ್ಲಿ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಪ್ರದರ್ಶನ ಸಂಘ ಕಟ್ಟಿದರು, ಮರುವರ್ಷ ಮೊದಲ ಪ್ರದರ್ಶನ ನಡೆಯಿತು. ಉದ್ದೇಶದಲ್ಲಿ ಎಳ್ಳಷ್ಟೂ ಡೌಲು ಇರಲಿಲ್ಲ. ಮಾರಿಸ್ ಸಮಾಜವಾದಿ, ಚೆಂದದ ವಸ್ತು ಎಲ್ಲರ ಮನೆಯಲ್ಲೂ ಇರಬೇಕು ಅಂತ ಬಯಸಿದವನು. ಆದರೆ ಕೈಯಲ್ಲಿ ನೇಯ್ದ, ಕೈಯಲ್ಲಿ ಕೆತ್ತಿದ ವಸ್ತು ಅಗ್ಗವಾಗಿ ಸಿಗುವುದು ಹೇಗೆ? ಕೊನೆಗೆ ಕೊಂಡವರು ಉಳ್ಳವರೇ. ಮಾರಿಸ್‌ಗೂ ಈ ಸಂಕಟ ಚೆನ್ನಾಗಿ ಗೊತ್ತಿತ್ತು. ಈ ಚಳವಳಿಯ ಹೆಸರಿನಿಂದಲೇ ‘ಆರ್ಟಿ-ಕ್ರಾಫ್ಟಿ’ ಅನ್ನುವ ಮಾತು ಹುಟ್ಟಿತು. ಒರಟು ನೇಯ್ಗೆ ತೊಟ್ಟು, ಕೈಯಲ್ಲಿ ಮಾಡಿದ ಬೋಗುಣಿ ಇಟ್ಟುಕೊಂಡು, ಸರಳ ಬದುಕಿನ ಬಗ್ಗೆ ಮಾತಾಡುವ ಅನುಕೂಲಸ್ಥರ ಮೇಲೆ ಬಿಟ್ಟ ಬಾಣ ಅದು. ಕೂತು ನೋಡಿದರೆ ನೋಯಿಸುವ ಕುರ್ಚಿ, ಬಳಸಿದರೆ ಸೋರುವ ಹೂಜಿ ಅನ್ನುವ ಧ್ವನಿಯೂ ಅದರಲ್ಲಿ ಸೇರಿತ್ತು.

ಹೀಗೆ ಕಲೆ ಅನ್ನುವುದು ಅಂಗಡಿಯಲ್ಲಿ ಸಿಗುವಂತಾಯಿತು, ಉಡುಪಾಯಿತು, ಬದುಕುವ ಶೈಲಿಯೂ ಆಯಿತು. ಆಮೇಲೇ ಕಲೆಯನ್ನೂ ಕಲೆಯ ವೇಷವನ್ನೂ ಬೇರೆ ಮಾಡಿ ಹೇಳುವ ಒಂದು ಪದ ಬೇಕಾದದ್ದು.

ಇದರ ಅಡಿಯಲ್ಲಿ ಒಂದು ಭಯವೂ ಇದೆ. ಮೋಸ ಹೋಗುವ ಭಯ. 1877ರಲ್ಲಿ ಜೇಮ್ಸ್ ವಿಸ್ಲರ್ ರಾತ್ರಿ ಆಕಾಶದಲ್ಲಿ ಸಿಡಿಯುವ ಬಾಣಬಿರುಸಿನ ಚಿತ್ರವೊಂದನ್ನು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ. ಬೆಲೆ 200 ಗಿನಿ, ಅಂದರೆ 210 ಪೌಂಡ್. ಆ ಕಾಲದ ಅತಿ ದೊಡ್ಡ ಕಲಾ ವಿಮರ್ಶಕ ಜಾನ್ ರಸ್ಕಿನ್ ಅದನ್ನು ನೋಡಿ, ಜನರ ಮುಖಕ್ಕೆ ಒಂದು ಕುಡಿಕೆ ಬಣ್ಣ ಎರಚಿ 200 ಗಿನಿ ಕೇಳುತ್ತಾನಲ್ಲ ಅಂತ ಬರೆದ. ವಿಸ್ಲರ್ ಮಾನನಷ್ಟ ಮೊಕದ್ದಮೆ ಹೂಡಿದ. 1878ರ ವಿಚಾರಣೆಯಲ್ಲಿ ರಸ್ಕಿನ್ ಪರ ವಕೀಲರು ಕೇಳಿದ್ದು ಎಷ್ಟು ಹೊತ್ತು ಕೆಲಸ ಮಾಡಿದಿರಿ ಅಂತ. ಸುಮಾರು ಎರಡು ದಿನ ಅಂದ ವಿಸ್ಲರ್. ಎರಡು ದಿನದ ಕೆಲಸಕ್ಕೆ ಇಷ್ಟು ದುಡ್ಡೇ ಅಂದದ್ದಕ್ಕೆ, ಇಲ್ಲ, ಜೀವಮಾನವಿಡೀ ಕಲಿತದ್ದಕ್ಕೆ ಅಂತ ಉತ್ತರ ಕೊಟ್ಟ. ತೀರ್ಪು ವಿಸ್ಲರ್ ಪರ ಬಂತು. ಪರಿಹಾರ ಎಷ್ಟು ಗೊತ್ತಾ? ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಖರ್ಚಿನ ಭಾರಕ್ಕೆ ಮರುವರ್ಷ ಆತ ದಿವಾಳಿಯಾದ.

ಆ ಕಾಲು ಪೆನ್ನಿಯೇ ನನಗೆ ಮುಖ್ಯ ಅನ್ನಿಸುತ್ತದೆ. ನ್ಯಾಯ ನಿನ್ನ ಕಡೆ ಇದೆ, ಆದರೂ ನಿನ್ನ ಮೇಲೆ ನಮಗೆ ಅನುಮಾನ ಇದೆ ಅಂತ ಹೇಳುವ ದಾರಿ ಅದು. ‘ಆರ್ಟಿ’ ಅನ್ನುವ ಪದ ಹೊತ್ತಿರುವುದೂ ಇದೇ ಅನುಮಾನವನ್ನು. ಇದರಲ್ಲಿ ನಿಜವಾಗಿ ಏನಾದರೂ ಇದೆಯೋ, ಅಥವಾ ನನ್ನನ್ನು ಪೆದ್ದು ಮಾಡುತ್ತಿದ್ದಾರೋ? ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದರೆ ಪೆದ್ದುತನ ಹೊರಗೆ ಬೀಳುತ್ತದೆ. ‘ಸ್ವಲ್ಪ ಆರ್ಟಿ’ ಅಂದರೆ ಕ್ಷೇಮ. ಗೊತ್ತಾಯಿತು ಅಂತಲೂ ಹೇಳಿಲ್ಲ, ಗೊತ್ತಾಗಲಿಲ್ಲ ಅಂತಲೂ ಹೇಳಿಲ್ಲ.

ಯಾವುದಕ್ಕೆ ಈ ಪದ ಅಂಟುವುದಿಲ್ಲ ಅಂತ ನೋಡುವುದು ಇನ್ನೂ ಮಜಾ. ರೆಂಬ್ರಾಂಟನನ್ನು ಯಾರೂ ಆರ್ಟಿ ಅನ್ನುವುದಿಲ್ಲ. ಗುಹೆಯ ಗೋಡೆಯ ಮೇಲಿನ ಕಾಡೆಮ್ಮೆಯನ್ನೂ ಅನ್ನುವುದಿಲ್ಲ. ಬೆಲೆ, ಕಾಲ, ಮ್ಯೂಸಿಯಂ ಎಲ್ಲ ಸೇರಿ ತೀರ್ಮಾನ ಆಗಿಹೋದ ಕಲೆಗೆ ಅದು ತಾಗುವುದಿಲ್ಲ. ಇನ್ನೊಂದು ತುದಿಯಲ್ಲಿ, ಮಗು ಗೋಡೆಯ ಮೇಲೆ ಗೀಚಿದ್ದಕ್ಕೂ ತಾಗುವುದಿಲ್ಲ. ಮಗುವಿಗೆ ಯಾರ ಮೆಚ್ಚುಗೆಯ ಲೆಕ್ಕಾಚಾರವೂ ಇಲ್ಲ. ತನ್ನ ಮನೆಯ ಬಳಕೆಗೆ ಕಂಬಳಿ ನೇಯುವವರನ್ನು ಆರ್ಟಿ ಅಂದರೆ ನಗು ಬರುತ್ತದೆ. ಅದೇ ಕಂಬಳಿಯನ್ನು ಮಹಾನಗರದ ಮಹಡಿ ಮನೆಯೊಂದರಲ್ಲಿ ಗೋಡೆಗೆ ತೂಗುಹಾಕಿದವರು ಮಾತ್ರ ತಪ್ಪದೆ ಆರ್ಟಿ. ಕಂಬಳಿ ಬದಲಾಗಲಿಲ್ಲ. ಅದರ ಮುಂದೆ ನಿಂತವರು ಬದಲಾದರು. ಹಾಗಾಗಿ ಈ ಪದ ವಾಸವಾಗಿರುವುದು ನಡುವಿನ ಜಾಗದಲ್ಲಿ. ಹೊಸದು, ಇನ್ನೂ ತೀರ್ಮಾನ ಆಗದ್ದು, ಮಾಡಿದವರಿಗೆ ತಾವು ಏನು ಮಾಡುತ್ತಿದ್ದೇವೆ ಅಂತ ಸ್ವಲ್ಪ ಜಾಸ್ತಿಯೇ ಅರಿವಿರುವ ಜಾಗ.

ಇಲ್ಲಿ ಪದದ ಪರವಾಗಿಯೂ ಒಂದೆರಡು ಮಾತು ಹೇಳಬೇಕು, ಯಾಕೆಂದರೆ ಅದಕ್ಕೆ ನ್ಯಾಯವಾದ ಕೆಲಸವೂ ಇದೆ. ಪ್ರತಿ ಶೈಲಿಯೂ ಯಾವುದೋ ಅಗತ್ಯದಿಂದ ಹುಟ್ಟುತ್ತದೆ. ಆಮೇಲೆ ಅದರ ಗುರುತುಗಳು ಮಾತ್ರ ಕಳಚಿಕೊಂಡು ಓಡಾಡಲು ಶುರು ಮಾಡುತ್ತವೆ. 1960ರ ಹೊತ್ತಿಗೆ ಫ್ರಾನ್ಸಿನ ಹೊಸ ನಿರ್ದೇಶಕರು ದೃಶ್ಯದ ನಡುವೆಯೇ ಕತ್ತರಿ ಹಾಕಿ ಜಿಗಿಯುವ ಸಂಕಲನ ತಂದಾಗ ಪ್ರೇಕ್ಷಕರು ತಬ್ಬಿಬ್ಬಾದರು. ಇವತ್ತು ಫೋನಿಗೆ ಮುಖ ತೋರಿಸಿ ಮಾತಾಡುವ ಪ್ರತಿಯೊಬ್ಬರೂ ಹಾಗೆ ಕತ್ತರಿಸುತ್ತಾರೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಪ್ಪು ಬಿಳುಪು, ಚೌಕಕ್ಕೆ ಹತ್ತಿರದ ಹಳೇ ಅಳತೆಯ ಚೌಕಟ್ಟು, ಬೆನ್ನು ಮಾತ್ರ ಕಾಣುವಂತೆ ನಡೆಯುವ ನಾಯಕಿ, ಕಿಟಕಿಯ ಮೇಲೆ ಇಳಿಯುವ ನೀರು, ಮಾತಿಲ್ಲದ ಐದು ನಿಮಿಷ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ನೋಡುತ್ತಾ ಕೂತಾಗ ಒಂದು ಹಂತದಲ್ಲಿ ಗೊತ್ತಾಗಿಬಿಡುತ್ತದೆ, ಈ ಮೌನ ಪಾತ್ರಕ್ಕೆ ಬೇಕಾದ ಮೌನವೋ, ಪ್ರಶಸ್ತಿ ಸಮಿತಿಗೆ ಬೇಕಾದ ಮೌನವೋ ಅಂತ. ಎರಡನೆಯದನ್ನು ‘ಆರ್ಟಿ’ ಅನ್ನುವುದು ಬೈಗುಳವಲ್ಲ, ಸರಿಯಾದ ವರ್ಣನೆ. ಅದಕ್ಕೆ ಇಷ್ಟು ಚಿಕ್ಕದಾದ, ಚೂಪಾದ ಇನ್ನೊಂದು ಪದ ಇಂಗ್ಲಿಷಿನಲ್ಲಿ ಸಿಗುವುದು ಕಷ್ಟ. ‘ಪ್ರಿಟೆನ್ಷಸ್’ ಇದೆ, ಆದರೆ ಅದು ಭಾರ. ಹೇಳುವವರೇ ಅಹಂಕಾರಿ ಅನ್ನಿಸಿಬಿಡುತ್ತದೆ. ‘ಆರ್ಟಿ’ಯಲ್ಲಿ ನಗುತ್ತಾ ಹೇಳುವ ಸೌಕರ್ಯ ಇದೆ.

ತೊಂದರೆ ಏನೆಂದರೆ ಇದೇ ಪದ ಬೇಸರವನ್ನು ಮುಚ್ಚಿಡಲೂ ಒದಗುತ್ತದೆ. ‘ನನಗೆ ಬೇಸರವಾಯಿತು’ ಅನ್ನುವುದು ಪ್ರಾಮಾಣಿಕ ಮಾತು, ಅದಕ್ಕೆ ಯಾರೂ ತಕರಾರು ಮಾಡಲಾರರು. ‘ತುಂಬಾ ಆರ್ಟ್ಸಿ’ ಅಂದಾಗ ಆ ಬೇಸರದ ಹೊಣೆ ನಿರ್ದೇಶಕನ ತಲೆಗೆ ಹೋಗುತ್ತದೆ. ನನ್ನ ತಾಳ್ಮೆ ಮುಗಿದದ್ದಲ್ಲ, ಅವನು ಆಟ ಆಡುತ್ತಿದ್ದಾನೆ. ವಿಮರ್ಶಕರು ಇದನ್ನು ಬಳಸಿದಾಗ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಸಂಬಳ ತೆಗೆದುಕೊಂಡು ನೋಡುವವರು ಯಾವ ದೃಶ್ಯದಲ್ಲಿ, ಯಾಕೆ ಅಂತ ಬರೆಯಬೇಡವೇ? ಟಿಕೆಟ್ ಕೊಂಡು ಸುಸ್ತಾಗಿ ಹೊರಬಂದವರು ಹಾಗಂದರೆ ಸಿಟ್ಟು ಬರುವುದಿಲ್ಲ. ಅವರಿಗೆ ಆ ಹಕ್ಕಿದೆ.

ಎರಡು ರೂಪಗಳ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಬ್ರಿಟಿಷರು ಹೆಚ್ಚಾಗಿ ‘ಆರ್ಟಿ’ ಅನ್ನುತ್ತಾರೆ, ಅಮೆರಿಕನ್ನರು ‘ಆರ್ಟ್ಸಿ’. ಅರ್ಥದಲ್ಲಿ ದೊಡ್ಡ ಅಂತರವಿಲ್ಲ. ನನ್ನ ಕಿವಿಗೆ ಮಾತ್ರ ಬ್ರಿಟಿಷ್ ರೂಪದಲ್ಲಿ ವರ್ಗದ ವಾಸನೆ ಜಾಸ್ತಿ, ಅಮೆರಿಕನ್ ರೂಪದಲ್ಲಿ ಹಗುರತನ ಜಾಸ್ತಿ. ಕೆನಡಾದ ಕ್ಯಾಂಪಸ್ಸುಗಳಲ್ಲಿ ‘ಆರ್ಟ್ಸಿ’ ನಾಮಪದವೂ ಹೌದು, ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಎಂಜಿನಿಯರಿಂಗ್ ಹುಡುಗರು ಇಟ್ಟ ಅಡ್ಡಹೆಸರು. ಸೈನಿಕರ ಬಾಯಲ್ಲಿ ‘ಆರ್ಟಿ’ ಅಂದರೆ ಫಿರಂಗಿ ದಳ, ‘ಆರ್ಟಿಲರಿ’ಯ ಗಿಡ್ಡ ರೂಪ. ಯುದ್ಧದ ವರದಿ ಓದುವಾಗ ಈ ಪದ ಬಂದರೆ ಸುಮ್ನೆ ಗೊಂದಲ ಮಾಡಿಕೊಳ್ಳಬೇಡಿ.

ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವಾಗ ಪದದ ಬಣ್ಣ ಬದಲಾಗುತ್ತದೆ. ‘ಸ್ಕೂಲಿನಲ್ಲಿ ನಾನೇ ಆರ್ಟಿ ಹುಡುಗಿ’ ಅಂತ ಇಂಗ್ಲಿಷ್ ಸಂದರ್ಶನಗಳಲ್ಲಿ ಎಷ್ಟೋ ನಟಿಯರು, ವಿನ್ಯಾಸಕಾರರು ಹೇಳುವುದನ್ನು ಕೇಳಿರುತ್ತೀರಿ. ಅಲ್ಲಿ ‘ಆರ್ಟಿಸ್ಟಿಕ್’ ಅಂದಿದ್ದರೆ ಜಂಬ ಅನ್ನಿಸುತ್ತಿತ್ತು. ‘ಆರ್ಟಿಸ್ಟ್’ ಅಂದಿದ್ದರೆ ಇನ್ನೂ ಜಂಬ. ‘ಆರ್ಟಿ’ ಅಂದರೆ ನನ್ನನ್ನು ನೀವು ಗೇಲಿ ಮಾಡುವ ಮೊದಲೇ ನಾನೇ ಮಾಡಿಕೊಂಡೆ, ಈಗ ನೆಮ್ಮದಿಯಾಗಿ ಮಾತಾಡೋಣ ಅಂದ ಹಾಗೆ. ವೈಲ್ಡ್‌ನ ಜಾಣತನದ ಮನೆಮಟ್ಟದ ಆವೃತ್ತಿ.

ಹಾಗಿದ್ದರೆ ಇದು ಯಾಕೆ ಹೆಮ್ಮೆಯ ಬಾವುಟ ಆಗಲಿಲ್ಲ? ಕಲೆಯ ಚರಿತ್ರೆಯಲ್ಲಿ ಬೈಗುಳಗಳು ಬಿರುದಾದ ಉದಾಹರಣೆ ಬೇಕಾದಷ್ಟಿವೆ. 1874ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಲೆರೋಯ್ ಎಂಬ ಪತ್ರಕರ್ತ ಮೋನೆಯ ಒಂದು ಚಿತ್ರದ ಹೆಸರು ಹಿಡಿದು ‘ಇಂಪ್ರೆಷನಿಸ್ಟ್’ ಅಂತ ಹಂಗಿಸಿದ. 1877ರ ಪ್ರದರ್ಶನದ ಹೊತ್ತಿಗೆ ಆ ಚಿತ್ರಕಾರರೇ ಆ ಹೆಸರನ್ನು ಎತ್ತಿಕೊಂಡಿದ್ದರು. 1905ರಲ್ಲಿ ಲೂಯಿ ವೋಸೆಲ್ ಎಂಬ ವಿಮರ್ಶಕ ಮಾತೀಸ್ ಮತ್ತು ಗೆಳೆಯರನ್ನು ‘ಫೋವ್’, ಅಂದರೆ ಕಾಡುಮೃಗಗಳು ಅಂದ. ಅದೂ ಗೌರವದ ಹೆಸರಾಯಿತು. ‘ಗಾಥಿಕ್’ ಅನ್ನುವುದು ಇಟಲಿಯವರು ಉತ್ತರದ ಕಟ್ಟಡಗಳನ್ನು ಅನಾಗರಿಕರದ್ದು ಅಂತ ಜರೆದ ಮಾತು. ‘ಆರ್ಟಿ’ಗೆ ನೂರಕ್ಕೂ ಹೆಚ್ಚು ವರ್ಷ ಆದರೂ ‘ಆರ್ಟಿ ಪಂಥ’ ಅಂತ ಒಂದು ಹುಟ್ಟಲಿಲ್ಲ.

ಯಾಕೆಂದರೆ ಆ ಬೈಗುಳಗಳೆಲ್ಲ ಕ್ಯಾನ್ವಾಸನ್ನು ನೋಡಿ ಹುಟ್ಟಿದವು. ಲೆರೋಯ್ ನಗುತ್ತಿದ್ದರೂ ಅವನ ಕಣ್ಣು ಚಿತ್ರದ ಮೇಲೇ ಇತ್ತು. ತುದಿ ಮುಟ್ಟಿಸದ ಕುಂಚದ ಹೊಡೆತ ಅವನಿಗೆ ಕಂಡಿತ್ತು, ಇಷ್ಟವಾಗಲಿಲ್ಲ ಅಷ್ಟೇ. ವೋಸೆಲ್‌ಗೆ ಆ ಉಗ್ರ ಬಣ್ಣ ಕಂಡಿತ್ತು. ವಿದ್ವಾಂಸರ ಕಡೆಯಿಂದಲೂ ಒಂದು ಉದಾಹರಣೆ ಇದೆ. ಹೈನ್ರಿಶ್ ವೋಲ್‌ಫ್ಲಿನ್ 1915ರಲ್ಲಿ ಜರ್ಮನ್ನಿನಲ್ಲಿ ಬಳಸಿದ ಪದ ಇಂಗ್ಲಿಷಿನಲ್ಲಿ ‘ಪೇಂಟರ್ಲಿ’ ಅಂತ ನೆಲೆಯಾಯಿತು. ಗೆರೆ ಎಳೆದು ಆಕಾರ ಕಟ್ಟುವ ಬದಲು ಬಣ್ಣದ ರಾಶಿಯಿಂದ, ನೆರಳು ಬೆಳಕಿನಿಂದ ಕಟ್ಟುವ ರೀತಿ. ಕೇಳುವುದಕ್ಕೆ ಅದೂ ‘ಆರ್ಟಿ’ಯ ದಾಯಾದಿಯ ಹಾಗೇ ಇದೆ. ಆದರೆ ‘ಪೇಂಟರ್ಲಿ’ ಅಂದವರನ್ನು ಎಲ್ಲಿ ಅಂತ ಕೇಳಿದರೆ ಚಿತ್ರದ ಒಂದು ಮೂಲೆಗೆ ಬೆರಳು ಇಟ್ಟು ತೋರಿಸಬಲ್ಲರು. ‘ಆರ್ಟಿ’ ಅಂದವರು ಬೆರಳು ಎಲ್ಲಿ ಇಡಬೇಕು? ಬಣ್ಣದ ಮೇಲಲ್ಲ, ಗೆರೆಯ ಮೇಲಲ್ಲ. ಮಾಡಿದವರ ಮನಸ್ಸಿನ ಮೇಲೆ ಇಡಬೇಕು, ಅದು ಕಾಣುವುದಿಲ್ಲ. ಚಿತ್ರದೊಳಗೆ ಏನನ್ನೂ ಹೆಸರಿಸದ ಪದವನ್ನು ಬಾವುಟ ಮಾಡಿಕೊಂಡು ಹಾರಿಸುವುದು ಹೇಗೆ?

ಬಾವುಟ ಆಗದಿದ್ದರೂ ಮಾರಾಟದ ಚೀಟಿ ಮಾತ್ರ ಆಯಿತು. ಇತ್ತೀಚಿನ ಇಂಗ್ಲಿಷಿನಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ‘ಆರ್ಟ್ಸಿ’ಯ ಮುಳ್ಳು ಮೊಂಡಾಗುತ್ತಿದೆ. ಆರ್ಟ್ಸಿ ಕೆಫೆ, ಆರ್ಟ್ಸಿ ಹೋಟೆಲ್, ಆರ್ಟ್ಸಿ ಫೋಟೊ ಅಂದರೆ ಈಗ ಮೆಚ್ಚುಗೆಯೇ. 2009ರಲ್ಲಿ ಶುರುವಾದ ನ್ಯೂಯಾರ್ಕಿನ ಒಂದು ಕಂಪನಿ ಆನ್‌ಲೈನಿನಲ್ಲಿ ಕಲಾಕೃತಿ ಮಾರುತ್ತದೆ. ಅದರ ಹೆಸರೇ ‘ಆರ್ಟ್ಸಿ’. ಲಕ್ಷಗಟ್ಟಲೆ ಡಾಲರ್ ಬೆಲೆಯ ಚಿತ್ರಗಳ ಮೇಲೆ ಆ ಹೆಸರಿನ ಪಟ್ಟಿ. ವ್ಯಂಗ್ಯಚಿತ್ರಕಾರ ದು ಮೋರಿಯೇ ಇದ್ದಿದ್ದರೆ ಖುಷಿಪಡುತ್ತಿದ್ದ.

ಮನೆ ಮಾರುವವರ ಜಾಹೀರಾತಿನಲ್ಲಂತೂ ‘ಆರ್ಟ್ಸಿ ನೇಬರ್‌ಹುಡ್’ ಒಂದು ಖಾಯಂ ಪದಗುಚ್ಛ. ಇದರ ಹಿಂದಿನ ಕಥೆ ನ್ಯೂಯಾರ್ಕಿನ ಸೋಹೊದಲ್ಲಿ ಸ್ಪಷ್ಟವಾಗಿ ನಡೆಯಿತು. ಖಾಲಿ ಬಿದ್ದ ಕಾರ್ಖಾನೆ ಮಹಡಿಗಳಿಗೆ 1960ರ ದಶಕದಲ್ಲಿ ಚಿತ್ರಕಾರರು ಬಂದು ಸೇರಿಕೊಂಡರು. ಎತ್ತರದ ಸೂರು, ದೊಡ್ಡ ಕಿಟಕಿ, ಕಡಿಮೆ ಬಾಡಿಗೆ. ಅಲ್ಲಿ ವಾಸ ಮಾಡುವುದು ಕಾನೂನಿಗೆ ವಿರುದ್ಧವಾಗಿತ್ತು. 1971ರಲ್ಲಿ ನಗರಾಡಳಿತ ನಿಯಮ ಬದಲಿಸಿ, ಕಲಾವಿದರು ಅಂತ ಪ್ರಮಾಣಪತ್ರ ಪಡೆದವರು ಅಲ್ಲೇ ವಾಸವಿದ್ದು ಕೆಲಸ ಮಾಡಬಹುದು ಅಂದಿತು. ಯೋಚಿಸಿ ನೋಡಿ, ಕಲಾವಿದ ಹೌದೋ ಅಲ್ಲವೋ ಅಂತ ಸರ್ಕಾರಿ ಕಚೇರಿ ತೀರ್ಮಾನಿಸಬೇಕಾಯಿತು! ಗ್ಯಾಲರಿಗಳು ಬಂದವು, ಹಿಂದೆಯೇ ಬಟ್ಟೆ ಅಂಗಡಿಗಳು, ಅವುಗಳ ಹಿಂದೆ ದುಡ್ಡಿದ್ದವರು. ಬಾಡಿಗೆ ಏರಿತು. ಎಷ್ಟೋ ಕಲಾವಿದರು ಊರಿನ ಬೇರೆ ಮೂಲೆ ಹುಡುಕಿಕೊಂಡು ಹೋದರು. ಆರ್ಟಿಸ್ಟ್‌ಗಳು ಇದ್ದಾಗ ಅದು ಬರೀ ಕಾರ್ಖಾನೆ ಪ್ರದೇಶ. ಜಾಹೀರಾತಿನಲ್ಲಿ ‘ಆರ್ಟ್ಸಿ’ ಅಂತ ಅಚ್ಚಾಗುವ ಹೊತ್ತಿಗೆ ಅವರು ಗಂಟುಮೂಟೆ ಕಟ್ಟುತ್ತಿರುತ್ತಾರೆ. ಪದ ಹಳೆಯ ಅರ್ಥವನ್ನು ಪೂರ್ತಿ ಬಿಟ್ಟಿಲ್ಲ ಅನ್ನಿಸುವುದು ಇಲ್ಲಿಯೇ. ಕಲೆಯ ನೋಟ ಇದೆ, ಕೈ ಇಲ್ಲ.

ಈಗ ಹದಿಹರೆಯದವರ ಬಾಯಲ್ಲಿ ‘ಆರ್ಟ್ಸಿ’ಯ ಜಾಗವನ್ನು ಇನ್ನೊಂದು ಪದ ಹಿಡಿಯುತ್ತಿದೆ, ‘ಏಸ್ತೆಟಿಕ್’. ‘ದಟ್ಸ್ ಸೋ ಏಸ್ತೆಟಿಕ್’ ಅನ್ನುತ್ತಾರೆ, ಮೇಜಿನ ಮೇಲಿನ ಮೇಣದ ಬತ್ತಿಗೆ, ನೋಟ್‌ಬುಕ್ಕಿನ ಹಾಳೆಗೆ, ಮಬ್ಬು ಬೆಳಕಿನ ಕೋಣೆಗೆ. ಅಲೆಕ್ಸಾಂಡರ್ ಬೌಮ್‌ಗಾರ್ಟನ್ ಎಂಬ ಜರ್ಮನ್ ತತ್ವಜ್ಞಾನಿ 1735ರಲ್ಲಿ ಗ್ರೀಕ್ ಮೂಲದಿಂದ ಎತ್ತಿ ಕಟ್ಟಿದ ಪದ ಅದು. ಇಂದ್ರಿಯಗಳ ಮೂಲಕ ಬರುವ ಅರಿವಿನ ಶಾಸ್ತ್ರಕ್ಕೆ ಇಟ್ಟ ಹೆಸರು. ಶುದ್ಧ ಪಂಡಿತರು ಈ ಹೊಸ ಬಳಕೆ ಕೇಳಿ ಹಲ್ಲು ಕಡಿಯುತ್ತಾರೆ, ‘ಏಸ್ತೆಟಿಕ್ ಅಂದರೆ ಚೆಂದ ಅಂತಲ್ಲ’ ಅಂತ. ನನಗೆ ಅಷ್ಟು ಸಿಟ್ಟಿಲ್ಲ. ಆ ಹುಡುಗರ ಮಾತಿನಲ್ಲಿ ಕನಿಷ್ಠ ಮೂಗು ಮುರಿಯುವಿಕೆ ಇಲ್ಲ. ಇಷ್ಟವಾದದ್ದನ್ನು ಇಷ್ಟವಾಯಿತು ಅನ್ನುತ್ತಿದ್ದಾರೆ.

ಆದರೆ ಅದೂ ಬಹಳ ದಿನ ನಡೆಯುವ ಹಾಗೆ ಕಾಣುವುದಿಲ್ಲ. ಎಲ್ಲ ಕೋಣೆಗಳೂ ಒಂದೇ ಥರದ ಮಬ್ಬು ಬೆಳಕಿನಲ್ಲಿ ಮುಳುಗಿರುವುದನ್ನು ನೋಡಿ ನೋಡಿ ಸಾಕಾದವರು, ಮೊನ್ನೆ ಮೊನ್ನೆಯವರೆಗೆ ಹೊಗಳಿಕೆಯಾಗಿದ್ದ ಪದವನ್ನೇ ಕಣ್ಣು ಮೇಲೆತ್ತಿ, ಎಳೆದು, ‘ಏ-ಸ್ತೆ-ಟಿಕ್’ ಅಂತ ಹೇಳಲು ಶುರು ಮಾಡಿದ್ದಾರೆ.